ಹಿಡಿದುಕೊಂಡದ್ದು

ಮೂರನೇ ಸಾಲಿನಲ್ಲಿ ಮೂರು ಚೌಕ.
ಒಂಟಿ.
ವಿವಾಹಿತ.
ಮೂರನೆಯದನ್ನು ಎರಡು ಸಲ ಓದಿದೆ:
ವಿವಾಹಿತ, ಆದರೆ ಒಂಟಿಯ ದರದಲ್ಲಿ ಹಿಡಿಯಿರಿ.

ಆಸ್ಪತ್ರೆಯ ನೆಲಮಾಳಿಗೆ. ನಾವು ಬಟ್ಟೆ ಒಗೆಯುವ ಜಾಗ.
ಡ್ರೈಯರಿನ ಬಿಸಿಗೆ ಕಾಗದದ ಅಂಚು ಸುರುಳಿಕೊಳ್ಳುತ್ತಿದೆ.
ಪೆನ್ನಿಗೆ ದಾರ ಕಟ್ಟಿ ಮೇಜಿಗೆ ಬಿಗಿದಿದ್ದಾಳೆ
ಸಂಬಳದ ಕಿಟಕಿಯ ವರ್ನಾ.
ಯಾರ ಮದುವೆ, ಯಾರ ವಿಚ್ಛೇದನ, ಯಾರ ಮನೆಗೆ ಕೂಸು,
ಇಪ್ಪತ್ತಾರು ವರ್ಷದಿಂದ ತಾಯಂದಿರಿಗಿಂತ ಮೊದಲು ಅವಳಿಗೆ ಗೊತ್ತು.
ಬೇಗ ಗೀಚು ಮಾರಾಯ್ತಿ, ನನ್ನ ಸೂಪು ಆರುತ್ತಿದೆ, ಅಂತಾಳೆ.

ಹೋದ ವರ್ಷ ಇಬ್ಬರೂ ಎರಡನೇ ಚೌಕಕ್ಕೇ ಗೀಟು ಎಳೆದಿದ್ದೆವು.
ಜೂನಿನಲ್ಲಿ ಮದುವೆ, ಜುಲೈನಲ್ಲಿ ಗೀಟು,
ಉಂಗುರ ತೋರಿಸುವವರ ಹಾಗೆ ಕೈ ಮುಂದೆ ಮಾಡಿ.
ಪ್ರತಿ ಸಂಬಳವೂ ನಲವತ್ತೊಂದು ಡಾಲರ್ ಉಬ್ಬಿತು.
ಸರ್ಕಾರದ ಮುಯ್ಯಿ ಕಣೇ, ಅಂದ ಲೆಸ್ಟರ್.
ಆ ಮುಯ್ಯಲ್ಲಿ ಶುಕ್ರವಾರ ಶುಕ್ರವಾರ ಹುರಿದ ಪರ್ಚ್ ಮೀನು ತಿಂದೆವು,
ಕಾರಿಗೆ ಹಿಮದ ಟೈರು ಹಾಕಿಸಿದೆವು,
ನನ್ನ ತಂಗಿಗೆ ಸಾಲವನ್ನೂ ಕೊಟ್ಟೆವು, ದೊರೆಗಳ ಹಾಗೆ.

ಏಪ್ರಿಲಿನಲ್ಲಿ ತಿಳಿಯಿತು, ಮುಯ್ಯಲ್ಲ, ಕೈಗಡ.
ಸಾವಿರದ ನೂರಾ ಎಂಟು ಡಾಲರ್.

ಅವನ ಬೇಕರಿ ಎಣಿಸಿತ್ತು, ಹೆಂಡತಿ ಮನೆಯಲ್ಲಿ ಕೂತಿದ್ದಾಳೆಂದು.
ನನ್ನ ಆಸ್ಪತ್ರೆ ಎಣಿಸಿತ್ತು, ಗಂಡ ಮನೆಯಲ್ಲಿ ಕೂತಿದ್ದಾನೆಂದು.
ಮನೆಯಲ್ಲಿ ಕೂತಿದ್ದದ್ದು ಬೆಕ್ಕು.

ಪಾದ್ರಿ ಇದನ್ನು ಹೇಳಿಕೊಡಲಿಲ್ಲ.
ಕೈ ಹಿಡಿಯಿರಿ ಅಂದರು, ಹಿಡಿದೆವು.
ಯಾರ ಕೈಯಿಂದ ಎಷ್ಟು ಹಿಡಿಯುತ್ತಾರೆ
ಎಂದು ಕೇಳುವ ಬುದ್ಧಿ ಅಂದು ಯಾರಿಗಿತ್ತು?

ಲೆಸ್ಟರ್ ದೋಣಿಯ ಮೋಟಾರು ಮಾರಿದ.
ಅವನ ಅಪ್ಪನದು. ಕೊಂಡವನು ಪಕ್ಕದ ಬೀದಿಯವನೇ,
ಬೇಸಿಗೆಯಿಡೀ ಸರೋವರದ ಕಡೆಯಿಂದ ಅದರ ಕೆಮ್ಮು ಕೇಳಿಸುತ್ತಿತ್ತು.
ಹಗಲು ಮಲಗುವ ಲೆಸ್ಟರ್ ಕಿಟಕಿ ಮುಚ್ಚಿಕೊಳ್ಳುತ್ತಿದ್ದ.
ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ.
ದೋಣಿ ಈಗ ಹಿತ್ತಲಲ್ಲಿ ಬೆನ್ನು ಮೇಲೆ ಮಾಡಿ ಬಿದ್ದಿದೆ,
ಈರಿಯ ಹಿಮ ಅದರ ಮೇಲೆ ಮೊಳಕಾಲುದ್ದ.

ರಾತ್ರಿ ಹತ್ತಕ್ಕೆ ಅವನು ಹೊರಟ ಮೇಲೆ ನಾನು ಹಾಸಿಗೆಗೆ.
ಬೆಳಿಗ್ಗೆ ಆರಕ್ಕೆ ರೆಪ್ಪೆಗೆ ಹಿಟ್ಟು ಮೆತ್ತಿಕೊಂಡು ಅವನು ಬರುತ್ತಾನೆ,
ಬಾಗಿಲಲ್ಲಿ ಕೀಲಿ ಕೈ ಬದಲಾಗುತ್ತದೆ,
ಒಂದು ಬ್ರೆಡ್ಡು, ಇನ್ನೂ ಬೆಚ್ಚಗೆ, ನನ್ನ ಕಂಕುಳಿಗೆ.
ನಾನು ಬಿಟ್ಟ ಗುಳಿಯಲ್ಲಿ ನನ್ನ ಬಿಸಿ ಆರುವ ಮೊದಲು
ಅವನು ಮಲಗಿರುತ್ತಾನೆ.

ವಿವಾಹಿತ, ಆದರೆ ಒಂಟಿಯ ದರದಲ್ಲಿ.
ಈ ಸಾಲನ್ನು ಬರೆದ ಗುಮಾಸ್ತ ಯಾರೋ,
ಅವನ ಹೆಂಡತಿಗೂ ರಾತ್ರಿ ಪಾಳಿ ಇತ್ತೇನೋ.

ಗೀಟು ಎಳೆದೆ. ಮೂರನೆಯದಕ್ಕೆ.
ವರ್ನಾ ಕೈ ಚಾಚಿದಳು. ತಡಿ, ಅಂದೆ.
ಆರನೇ ಸಾಲು: ಪ್ರತಿ ಸಂಬಳದಲ್ಲಿ ಹೆಚ್ಚಿಗೆ ಹಿಡಿಯಬೇಕಾದ ಮೊತ್ತ.
ಬರೆಯಬೇಕಾದದ್ದಲ್ಲ, ಖಾಲಿ ಬಿಡಬಹುದು.
ಇಪ್ಪತ್ತು ಎಂದು ಬರೆದೆ.
ಇಪ್ಪತ್ತನ್ನು ಹೊಡೆದು ಮೂವತ್ತು ಮಾಡಿದೆ.

ಇಷ್ಟು ಯಾಕೆ? ವಾಪಸು ಬರುವ ದುಡ್ಡಿಗೆ ಬಡ್ಡಿ ಕೊಡೋದಿಲ್ಲ ಅವರು,
ದಡ್ಡರ ಹುಂಡಿ ಅದು, ಅಂದಳು ವರ್ನಾ.
ಕೈಗೆ ಬಂದರೆ ನನ್ನಲ್ಲಿ ನಿಲ್ಲೋದಿಲ್ಲ, ಅಂದೆ.
ಅವರೇ ಹಿಡಿದಿಟ್ಟುಕೊಂಡಿರಲಿ ವಸಂತದ ತನಕ.
ಒಂದು ಮೋಟಾರಿನ ಬೆಲೆ ವಿಚಾರಿಸಿದ್ದೇನೆ.
ಹೊಸದಲ್ಲ.

ಗಂಡನಿಗೆ ಗೊತ್ತಾ?
ಭಾನುವಾರ ಹೇಳುತ್ತೇನೆ, ಅಂದೆ,
ಇಬ್ಬರೂ ಎಚ್ಚರ ಇರುವ ದಿನ.

ಪೆನ್ನು ಬಿಟ್ಟೆ. ದಾರ ಅದನ್ನು ಮೇಜಿನಂಚಿಗೆ
ಎಳೆದುಕೊಂಡಿತು. ಮೇಲೆ ಯಾವುದೋ ವಾರ್ಡಿನಿಂದ
ಕೊಳಕು ಹೊದಿಕೆಗಳು ಕೊಳವೆಯಲ್ಲಿ ಧೊಪ್ಪೆಂದು ಬಿದ್ದವು.