ಹೆಸರಿನ ತಗಡು

ಡಿಂಬೂಲಾ ಸಂತೆಯ ಕೊನೆಯ ಮೇಜಿನಲ್ಲಿ
ಎರಡು ಡಾಲರಿಗೆ ಕೊಂಡ ಕುಂಡ.
ಕಡ್ಡಿಗೆ ಸಿಕ್ಕಿಸಿದ್ದ ಹೆಸರನ್ನು
ಬಿಸಿಲು ಆಗಲೇ ಓದಿ ಮುಗಿಸಿತ್ತು;
ನನಗೆ ಉಳಿದದ್ದು ಬಿಳಿ ಪ್ಲಾಸ್ಟಿಕ್ಕು,
ಯಾವುದೋ ಅಕ್ಷರದ ಬಾಲ.

“ಗ್ರೆವಿಲಿಯಾ” ಎಂದೆ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಮಕ್ಕಳನ್ನು ಬೆನ್ನು ನೋಡಿಯೇ ಗುರುತಿಸುತ್ತಿದ್ದೆ,
ಒಂದು ಗಿಡ ಯಾವ ಲೆಕ್ಕ.

ಬೇಲಿಯಾಚೆಯಿಂದ ಸ್ಪಿರೊ, ಹಿಟ್ಟಿನ ಗಿರಣಿಯಲ್ಲಿ
ಕಿವಿ ಕಳಕೊಂಡವನು, ಕೂಗಿಯೇ ಮಾತಾಡುವವನು:
“ಹೇಕಿಯಾ! ಎಲೆ ಮಗುಚಿ ನೋಡು, ನೋಲೀನ್!
ಗ್ರೆವಿಲಿಯಾಕ್ಕೆ ಮೇಲೆ ಹಸಿರು, ಅಡಿಗೆ ಬೆಳ್ಳಿ.
ಇದಕ್ಕೆ ಒಳಗೊಂದು ಹೊರಗೊಂದಿಲ್ಲ.”
ಮಗುಚಿದೆ. ಉದ್ದಕ್ಕೆ ಮೂರು ನರ,
ಈ ಬದಿಗೂ ಮೂರು, ಆ ಬದಿಗೂ ಮೂರು.
ಆದರೂ ಒಪ್ಪಲಿಲ್ಲ. ಕೂಗಿ ಹೇಳಿದ್ದನ್ನು
ನಮ್ಮ ಮನೆತನದಲ್ಲಿ ಯಾರೂ ಒಪ್ಪಿದವರಲ್ಲ.
ಪೀಚ್ ಹಣ್ಣಿನ ಡಬ್ಬಿಯ ತಗಡು ಕತ್ತರಿಸಿ
ಮೊಳೆಯಿಂದ ಗೀಚಿ ತಂತಿಗೆ ನೇತು ಹಾಕಿದೆ:
ಗ್ರೆವಿಲಿಯಾ.

ನೆಡುವುದು ಮಾತ್ರ ಸರಿಯಾಗಿ ನೆಟ್ಟೆ.
ವಿಮ್ಮೆರಾದ ಜೇಡಿ ಚಳಿಗಾಲಕ್ಕೆ ಅಂಟು, ಬೇಸಿಗೆಗೆ ಹೆಂಚು;
ಮೊಣಕಾಲೆತ್ತರ ದಿಬ್ಬ ಎಬ್ಬಿಸಿ, ಜಲ್ಲಿ ಬೆರೆಸಿ,
ಬೇರಿನ ಮುದ್ದೆ ಕೆದಕದೆ ಇಳಿಸಿದೆ.
ಗೊಬ್ಬರವಿಲ್ಲ. ಇದಕ್ಕೂ ಮುಂಚಿನ ಎರಡು ಗಿಡಕ್ಕೆ
ನನ್ನ ಗಂಡ ಕ್ಲೈವ್, ಗುಲಾಬಿಗೆ ಹಾಕುವ ಸೂಪರ್ ಫಾಸ್ಫೇಟನ್ನು
ಬೊಗಸೆ ಬೊಗಸೆ ಸುರಿದು
ಪ್ರೀತಿಯಿಂದಲೇ ಕೊಂದಿದ್ದ.
ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ,
ಈ ಕುಲಕ್ಕೆ ಅತಿಯೂ ಬೇಕಿಲ್ಲ.
ಕೋಟಿ ವರ್ಷ ಬಡ ಮಣ್ಣಲ್ಲಿ
ಕಾಳು ಕಾಳು ಹೆಕ್ಕಿ ಬದುಕಿದ ಬೇರು,
ಹಬ್ಬದೂಟ ತಡೆಯುವುದಿಲ್ಲ.

ಮೊದಲ ಬೇಸಿಗೆ ವಾರಕ್ಕೊಂದು ಬಕೆಟ್ಟು.
ಎರಡನೆಯದಕ್ಕೆ ಹದಿನೈದು ದಿನಕ್ಕೊಂದು.
ಮೂರನೆಯದಕ್ಕೆ ನಾನು ಮರೆತೆ,
ಮರೆತದ್ದನ್ನು ಅದು ಗಮನಿಸಲಿಲ್ಲ.

ನಾಲ್ಕನೇ ಅಕ್ಟೋಬರಿನಲ್ಲಿ ಎಲೆಯ ಕಂಕುಳಲ್ಲಿ ಹೂ.
ಕೆಂಪಲ್ಲ, ದೊಡ್ಡದಲ್ಲ;
ಕೆನೆ ಬಣ್ಣದ ದಾರದ ಗಂಟು ಬಿಚ್ಚಿದ ಹಾಗೆ,
ಒಂದೊಂದು ಎಳೆಯೂ ಬಿಲ್ಲಾಗಿ ಬಾಗಿ
ತುದಿ ಇನ್ನೂ ಮೊಗ್ಗಿನೊಳಗೇ ಸಿಕ್ಕಿಕೊಂಡು.
ಹೂ ಬಂದರೆ ಗೊತ್ತಾದೀತು ಎಂದುಕೊಂಡಿದ್ದೆ.
ಅಕ್ಕತಂಗಿಯರಂತೆ ಎರಡು ಜಾತಿಗೂ ಅದೇ ನಗು.
“ಕಾಯಿ ಬರಲಿ!” ಬೇಲಿಯಾಚೆಯಿಂದ.
“ಗ್ರೆವಿಲಿಯಾ ಬೀಜ ಉದುರಿಸಿ ಕೈ ತೊಳಕೊಳ್ಳುತ್ತೆ.
ಹೇಕಿಯಾ ಜಿಪುಣ. ಬೆಂಕಿ ಬೀಳಬೇಕು,
ಇಲ್ಲ, ಕೊಂಬೆ ಸಾಯಬೇಕು!”

ಕಾಯಿ ಬಂತು. ಮೈಯೆಲ್ಲ ನರಹುಲಿ,
ಹಕ್ಕಿಯ ಕೊಕ್ಕಿನ ಮೂತಿ, ಮರದ ಗಂಟು.
ಒಂದು ವರ್ಷ ನೋಡಿದೆ. ಎರಡು.
ಉಗುರು ಹಾಕಿದರೆ ಉಗುರೇ ಮುರಿಯಿತು.
ಆಗಲೇ ಗೊತ್ತಿತ್ತು ಅನ್ನಿ.
ತಗಡು ಹಾಗೇ ಇತ್ತು.

ಆ ಜುಲೈಯಲ್ಲಿ ಸ್ಪಿರೊನನ್ನು ಮಗಳು ಜಿಲಾಂಗಿಗೆ ಕರೆದೊಯ್ದಳು.
ಬೇಲಿಯಾಚೆ ಈಗ ಮೂರು ನಾಯಿ.

ಆಗಸ್ಟಿನ ಗಾಳಿಗೆ ಒಂದು ಕೊಂಬೆ ಸೀಳಿತು.
ಒಲೆಗೆಂದು ತಂದವಳು ಕಿಟಕಿಯಲ್ಲಿಟ್ಟು ಮರೆತೆ.
ಎಷ್ಟೋ ದಿನದ ಮೇಲೆ, ರಾತ್ರಿ, ಟಕ್.
ಇಲಿ ಎಂದುಕೊಂಡು ದೀಪ ಹಾಕಿದರೆ
ಕಾಯಿ ಬಾಯಿ ಬಿಟ್ಟಿತ್ತು;
ಒಳಗೆ ಮುಖಕ್ಕೆ ಮುಖ ಕೊಟ್ಟು ಎರಡು ಬೀಜ,
ಕಪ್ಪು, ಒಂದೊಂದಕ್ಕೆ ಒಂದೊಂದೇ ರೆಕ್ಕೆ.

ಬೆಳಿಗ್ಗೆ ಜಿಲಾಂಗಿಗೆ ಫೋನ್ ಮಾಡಿದೆ.
“ನೀನು ಹೇಳಿದ್ದೇ ಸರಿ, ಸ್ಪಿರೊ. ಹೇಕಿಯಾ.”
ಅತ್ತ ಬಹಳ ಹೊತ್ತು ಟಿವಿಯ ಸದ್ದು.
“ಯಾವ ಗಿಡ?” ಎಂದ.
ಅವನು ಮೆಲ್ಲಗೆ ಆಡಿದ್ದನ್ನು ಕೇಳಿದ್ದು ಅದೇ ಮೊದಲು.

ತಗಡು ಮಗುಚಿ ಹಿಂಬದಿಗೆ ಗೀಚಿದ್ದೇನೆ: ಹೇಕಿಯಾ.
ಮುಂಬದಿಯದನ್ನು ಅಳಿಸಲಿಲ್ಲ, ಮೊಳೆಯ ಗಾಯ ಅಳಿಯುವುದೂ ಇಲ್ಲ.
ಗಾಳಿಗೆ ತಿರುಗುತ್ತದೆ. ಒಮ್ಮೆ ನನ್ನ ಮಾತು, ಒಮ್ಮೆ ಅವನದು.

ಎರಡೂ ಬೀಜ ಮೊಟ್ಟೆಯ ರಟ್ಟಿನಲ್ಲಿ ಮರಳಿಗೆ ಹಾಕಿದೆ.
ಒಂದು ಕೊಳೆಯಿತು.
ಇನ್ನೊಂದು ಈ ಮಂಗಳವಾರ ತಲೆಯೆತ್ತಿದೆ,
ಸಿಪ್ಪೆಯ ಟೋಪಿ
ಇನ್ನೂ ತೆಗೆದಿಲ್ಲ.