ಕಮಾನಿ ನೀರಿಗಿಳಿದದ್ದು

ಮೂರನೇ ದಿನವೂ ಅದು ನೀರಲ್ಲೇ.
ಕೆರೆಗೆ ಬಿದ್ದ ಎಮ್ಮೆಯ ಹಾಗೆ ಮೂಗಷ್ಟೇ ಮೇಲೆ,
ಉಳಿದದ್ದೆಲ್ಲ ಸ್ಟೀಲಿನ ಬೋಗುಣಿಯೊಳಗೆ
ಸುತ್ತು, ಸುತ್ತು, ಸುತ್ತು.

ಕಮಾನಿ ಅಂತ ಹೆಸರಿಟ್ಟವನು ನಾನೇ.
ಗಡಿಯಾರ ಬಿಚ್ಚಿ ಮೂವತ್ತನಾಲ್ಕು ವರ್ಷ ಉಂಡವನಿಗೆ
ಸುರುಳಿ ಸುತ್ತಿದ್ದೆಲ್ಲ ಕಮಾನಿಯೇ.
ಸಾಕಿದ್ದು ಅಣ್ಣನ ಮಗಳು ಶಾಹೀದಾ.
ನಿಕಾಹ್ ಆಗಿ ಭದ್ರಾವತಿಗೆ ಹೊರಟಾಗ
ಅತ್ತೆ ಒಂದೇ ಮಾತು ಕೇಳಿದರಂತೆ: ‘ಅದೂ ಬರುತ್ತಾ?’
ಹಾಗಾಗಿ ನೆಹರೂ ರಸ್ತೆಯ ನನ್ನ ಅಂಗಡಿಗೆ ಬಂತು,
ಗಾಜಿನ ಪೆಟ್ಟಿಗೆ, ಬಲ್ಬು, ಒಂದು ಕಡತದ ಸಮೇತ.
ವಿದೇಶಿ ಹಾವು ಸ್ವಾಮಿ, ನೋಂದಣಿ ಇದೆ, ರಸೀದಿ ಇದೆ
ಎಂದು ಗಿರಾಕಿಗಳಿಗೆ ಹೇಳಿ ಹೇಳಿ
ಆಫ್ರಿಕಾದ ಅದರ ಅಜ್ಜ ನನಗೆ ಪರಿಚಯ ಅನ್ನಿಸಿಬಿಟ್ಟಿತ್ತು.

ಯಾಕೆ ಮುಳುಗುತ್ತದೆ?
ಹೂವಿನ ಗಂಗಮಾಳಕ್ಕ ಮೊದಲು ಬಂದರು:
‘ನಾಗಪ್ಪನಿಗೆ ಏನೋ ಮುನಿಸು. ತನಿ ಎರೆಸಿ.’
ಇದು ನಾಗ ಅಲ್ಲಕ್ಕ, ಹೆಡೆಯಿಲ್ಲ.
‘ಹೆಡೆ ಕೊಡಲಿಲ್ಲ ಅಂತಲೇ ಮುನಿಸಿರಬಾರದೇ?’
ಉತ್ತರ ತೋಚಲಿಲ್ಲ.

ಟೀ ತರುವ ಲೋಹಿತನದು ಬೇರೆ ಲೆಕ್ಕ:
‘ಸೆಖೆ ಸಾರ್. ತುಂಗೆಯಲ್ಲೇ ಬಂಡೆ ಕಾಣ್ತಿದೆ.
ಬೋಗುಣಿ ಸಿಕ್ಕರೆ ನಾನೂ ಇಳೀತೀನಿ.’
ಏಪ್ರಿಲ್ ತಿಂಗಳು; ನ್ಯಾಯವಾದ ಮಾತು.
ಬಲ್ಬು ಆರಿಸಿದೆ, ಒದ್ದೆ ಗೋಣಿ ಹೊದಿಸಿದೆ,
ಥರ್ಮಾಮೀಟರು ಇಳಿಯಿತು.
ಕಮಾನಿ ಏಳಲಿಲ್ಲ.

ಫೋನಿನಲ್ಲಿ ಶಾಹೀದಾ:
‘ಪೊರೆ ಬಿಡೋ ಹೊತ್ತಿರಬಹುದು ಚಾಚಾ, ಕಣ್ಣು ಮಸುಕಾಗಿದೆಯಾ?’
ಮಸುಕು ನನಗೆ ಗೊತ್ತು. ಗೀರು ಬಿದ್ದ ಗಾಜು
ದಿನಕ್ಕೆ ಹತ್ತು ಉಜ್ಜುತ್ತೇನೆ. ಇದರ ಕಣ್ಣು ಹೊಸ ಗಾಜು.
‘ಹೊಟ್ಟೆ ಕಟ್ಟಿದೆಯಾ?’
ಗುರುವಾರವೇ ಆಗಿದೆಯಮ್ಮ, ತೊಳೆದವನು ನಾನು.
‘ಅಡಗೋಕೆ ಜಾಗ?’
ಗೋಡೆ ಗಡಿಯಾರದ ಸಾಗುವಾನಿ ಪೆಟ್ಟಿಗೆ.
ಅಂಥ ಬಿಡಾರ ನನಗೂ ಇಲ್ಲ.

ಐದನೇ ರಾತ್ರಿ ಶಟರ್ ಅರ್ಧ ಎಳೆದು ಕೂತೆ.
ನಿಂತ ಗಡಿಯಾರ ಯಾಕೆ ನಿಂತಿತೆಂದು ಕೇಳಿದರೆ
ಯಾವ ಗಿರಾಕಿಯೂ ನಿಜ ಹೇಳುವುದಿಲ್ಲ.
ಬಿದ್ದಿಲ್ಲ, ನೆನೆದಿಲ್ಲ, ಸುಮ್ಮನೆ ನಿಂತಿತು.
ಬಿಚ್ಚಿದರೆ ಒಳಗೊಂದು ಚೂರು ಧೂಳು.
ಹಾವನ್ನು ಬಿಚ್ಚುವುದು ಹೇಗೆ?
ಎತ್ತಿ, ಬಿಳಿ ಟವೆಲಿನಲ್ಲಿ ಒರೆಸಿ,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಾಗಿದೆ.

ಗಸಗಸೆ.
ಕಪ್ಪು ಗಸಗಸೆ.
ನಡೆಯುತ್ತಿತ್ತು.

ಗದ್ದದ ಕೆಳಗೆ, ಕಣ್ಣಿನ ಸುತ್ತ, ಹುರುಪೆ ಹುರುಪೆಯ ಸಂದಿಯಲ್ಲಿ
ಉಣ್ಣೆಯ ಮರಿಮೊಮ್ಮಕ್ಕಳ ಸಂಸಾರ.
ಬೋಗುಣಿಯ ತಳದಲ್ಲಿ ಸತ್ತವು ಚೆಲ್ಲಿಬಿದ್ದಿದ್ದವು.
ಕೈಯಿಲ್ಲದ ಜೀವ, ಯಾವುದರಿಂದ ಕೆರೆದುಕೊಂಡೀತು?
ಅವುಗಳ ಉಸಿರು ಕಟ್ಟುವ ತನಕ
ತಾನೂ ಮುಳುಗಿರುವುದು,
ಅದಕ್ಕೆ ಗೊತ್ತಿದ್ದ ಮದ್ದು ಅದೊಂದೇ.

ಎಲ್ಲಿಂದ ಬಂದವು ಎಂದು ಹುಡುಕಿದ್ದು ಸ್ವಲ್ಪ ಹೊತ್ತು.
ಮೂಲೆಯಲ್ಲಿ ಕೇರೆಹಾವಿನ ಪೊರೆಯೊಂದಿತ್ತು.
ಮಂಡ್ಲಿಯ ಯಾವುದೋ ಗೋದಾಮಿನಲ್ಲಿ ಸಿಕ್ಕಿತೆಂದು ಲೋಹಿತ ತಂದುಕೊಟ್ಟದ್ದು.
ಪರದೇಶಿ ಜೀವ,
ತನ್ನವರ ವಾಸನೆಯಾದರೂ ಜೊತೆಗಿರಲಿ ಅಂತ
ಒಳಗಿಟ್ಟವನು ನಾನು.

ಪೊರೆ ಸುಟ್ಟೆ. ಗಾಜನ್ನು ಕುದಿನೀರಲ್ಲಿ ತೊಳೆದೆ.
ಸಾಗುವಾನಿ ಬಿಡಾರವೂ ಬೆಂಕಿಗೆ ಹೋಯಿತು.
ವೆಟರ್ನರಿ ಕಾಲೇಜಿನ ಡಾಕ್ಟರಮ್ಮ
ಔಷಧಿಯ ಹನಿ ಎಣಿಸಿಕೊಟ್ಟರು, ಬೈಯಲಿಲ್ಲ.
ಶಾಹೀದಾಗೆ ಪೊರೆಯ ಸುದ್ದಿ ಹೇಳಲಿಲ್ಲ.
ಹೇಗೋ ಬಂದವಮ್ಮ, ಅಂದೆ,
ಸುಮ್ಮನೆ ಬಂದವು.

ಹತ್ತೊಂಬತ್ತನೇ ದಿನ ಬೋಗುಣಿ ಖಾಲಿ.
ಕಮಾನಿ ಹಳೇ ಪೇಪರಿನ ಮೇಲೆ ಒಣಗಿ ಮಲಗಿತ್ತು,
ಬಸ್ಸಿನ ವೇಳಾಪಟ್ಟಿಯ ಮೇಲೆ ತಲೆಯಿಟ್ಟು.
ಆದರೂ ಭೂತಗನ್ನಡಿ ಹಿಡಿದು ನೀರಿಗೆ ಬಾಗಿದೆ.
ಒಂದು ಕಪ್ಪು ಚುಕ್ಕೆ!
ಎದೆ ಧಸಕ್ಕೆಂದಿತು.
ಅಲುಗುತ್ತದೆಯೇ ಎಂದು ಕಾದೆ. ನಾನು ಅಲುಗಿದಾಗ ಅಲುಗಿತು.
ನನ್ನದೇ ಕಣ್ಣಿನ ಪಾಪೆ.

ಕಟ್ಟೆಯ ಹತ್ತಿರ ಯಾರೋ ಕೆಮ್ಮಿದರು:
‘ಸಾಬ್ರೇ, ನನ್ನ ಗಡಿಯಾರ ಆಯ್ತಾ?’
ನಾಳೆ ಬನ್ನಿ, ಅಂದೆ.