ನಲವತ್ಮೂರು, ನಲವತ್ನಾಲ್ಕರ ನಡುವೆ

ನನ್ನ ಹೆಸರು ಸಾಬಣ್ಣ, ಯಾದಗಿರಿ ಕಡೆಯವ.
ಪರೇಲಿನ ಈ ಅರವತ್ತೊಂದು ಅಂತಸ್ತಿನ ಹೊರಮೈಗೆ
ಹಲ್ಲಿಯ ಹಾಗೆ ಕಚ್ಚಿಕೊಂಡ ಕಬ್ಬಿಣದ ಪಂಜರ
ಏರಿಸುವುದು, ಇಳಿಸುವುದು ನನ್ನ ಕೆಲಸ.
ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ‘ಸಾಬೂನ್’.
ಮುಕಾದಮನಿಗೆ ಎರಡು ಸಲ ಹೇಳಿದೆ; ನಕ್ಕ:
‘ಪಗಾರ ಬರ್ತದಲ್ಲ, ನೊರೆ ಬಂದರೇನು?’

ಗೇಟಿನ ಟೈಮ್‌ಕೀಪರ್ ಹನೋಕ್ ರೋಹೇಕರ್.
ಅವರ ಅಜ್ಜಂದಿರು ಅಲಿಬಾಗದ ಕಡೆ ಗಾಣದವರು,
ಶನಿವಾರ ಎತ್ತು ಬಿಚ್ಚಿ ಕೂತವರು.
ಅಪ್ಪ ಇದೇ ಜಾಗದಲ್ಲಿ, ಗಿರಣಿಯಿದ್ದಾಗ, ಮಗ್ಗ ನಡೆಸಿದವರು.
ಉಳಿದದ್ದು ಒಂದು ಚಿಮಣಿ, ಅದರ ನೆತ್ತಿಯಲ್ಲೊಂದು ಅರಳಿಗಿಡ.
ಆ ನೆರಳಲ್ಲಿ ಬುತ್ತಿ ಬಿಚ್ಚಿ, ಮರಾಠಿಯಲ್ಲಿ,
ಅವರೊಂದು ಹಳೇ ಕಥೆ ಹೇಳಿದರು:

ಬಯಲಿಗೆ ಬಂದವರು ಇಟ್ಟಿಗೆ ಸುಟ್ಟರಂತೆ,
ಗಾರೆಯ ಬದಲು ಡಾಂಬರು ಮೆತ್ತಿದರಂತೆ.
‘ಮುಗಿಲು ಮುಟ್ಟೋಣ, ಹೆಸರು ಮಾಡೋಣ’ ಅಂದರಂತೆ.
ಎಲ್ಲರದೂ ಒಂದೇ ನುಡಿ.
ಆಗ ದೇವರು ನೋಡಲಿಕ್ಕೆ ಇಳಿದು ಬಂದ.

‘ಇಳಿದು?’ ಅಂದೆ. ನನ್ನ ಕಸುಬಿನ ಮಾತು ಅದೊಂದೇ.
‘ಹೂಂ, ಇಳಿದು. ಅವರಿಗದು ಮುಗಿಲು; ಅವನಿಗೆ
ಕಣ್ಣು ಕಿರಿದು ಮಾಡಿದರೂ ಕಾಣದಷ್ಟು ಗಿಡ್ಡ.’
ಉಪ್ಪಿನಕಾಯಿ ಬೆರಳು ನೆಕ್ಕಿ, ನುಡಿ ಕಲಸಿದ ಸಂಗತಿ ಹೇಳಿ,
ಸೀಟಿ ಊದಿತೆಂದು ಎದ್ದು ಹೋದರು.

ನನಗೆ ಆ ಶಿಕ್ಷೆ ತಿಳಿಯಲಿಲ್ಲ.
ಇಲ್ಲಿ ಮಾಲ್ದಾದ ಫರಸಿಯವ, ಪಾಲಮೂರಿನ ಕಾಂಕ್ರೀಟಿನವ,
ಗಂಜಾಮಿನ ನಳದವ; ಒಬ್ಬರ ನುಡಿ ಒಬ್ಬರಿಗೆ ಬಾರದು.
ಆದರೂ ಹನ್ನೊಂದು ದಿನಕ್ಕೊಂದು ಅಂತಸ್ತು ಏಳುತ್ತದೆ.
ದೇವರ ಲೆಕ್ಕ ತಪ್ಪಿತೇನೋ.
ಇಲ್ಲಾ, ಈಗ ರೊಕ್ಕವೇ ಆ ಒಂದು ನುಡಿಯೇನೋ.

ಖರೇ ಹೇಳಬೇಕೆಂದರೆ ನನಗೂ ಸೊಕ್ಕಿತ್ತು.
ಫೋನಿನಲ್ಲಿ ಮಗಳಿಗೆ ಅಂದಿದ್ದೆ: ‘ನಾ ಗುಂಡಿ ಒತ್ತದಿದ್ರ
ಮುಂಬಯಿ ಮ್ಯಾಲೆ ಏಳೂದಿಲ್ಲ ನೋಡು.’

ಆ ಗುರುವಾರ ಬಿಳಿ ಹೆಲ್ಮೆಟ್ಟಿನ ಮಾಲೀಕರು ಬಂದರು,
ತುದಿಯಲ್ಲಿ ತಮ್ಮ ಹೆಸರು ಎಷ್ಟು ಆಳೆತ್ತರ ಇರಬೇಕೆಂದು
ನೋಡಲಿಕ್ಕೆ. ಇಂಗ್ಲಿಷಿನಲ್ಲಿ ಫೋನಿಗೆ ಹೇಳುತ್ತಲೇ ಇದ್ದರು.
ನಲವತ್ಮೂರು ದಾಟಿ ಪಂಜರ ಒಮ್ಮೆ ಒದರಿ ನಿಂತಿತು.
ದೀಪ ಹೋಯಿತು. ಕಡಲ ಗಾಳಿ ತಗಡು ಬಡಿಯಿತು.
ಅಲ್ಲಿ ನೆಟ್‌ವರ್ಕೂ ಇಲ್ಲ, ನೆಲವೂ ಇಲ್ಲ.

ಮಾಲ್ದಾದವ ‘ಮಾ ಗೋ’ ಅಂದ. ಪಾಲಮೂರಿನವ ‘ಅಮ್ಮಾ’.
ನಾನು ‘ಯವ್ವಾ’ ಅಂದದ್ದು ನನಗೇ ಕೇಳಿತು.
ಸಾಹೇಬರ ಇಂಗ್ಲಿಷು, ಜೇಬಿನಿಂದ ಬಿದ್ದ ಚಿಲ್ಲರೆ ಹಾಗೆ,
ಸಂದಿಯೊಳಗೆ ಉರುಳಿ ಹೋಯಿತು.
ಕಣ್ಮುಚ್ಚಿ, ಕಂಬಿ ಹಿಡಿದು, ‘ಮಾಡೀ... ಮಾಡೀ...’ ಅಂದರು.

ಅರೆ, ಇವರಿಗೆ ಕನ್ನಡ ಬರುತ್ತದೆ! ‘ಮಾಡ್ತೀನ್ರೀ’ ಅಂದೆ.
ಬ್ರೇಕಿನ ಹಿಡಿಕೆ ಎತ್ತಿದೆ, ಒಂದು ಮೊಳ. ಬಿಟ್ಟೆ. ಮತ್ತೊಂದು ಮೊಳ.
ಅವರು ಮಾಡೀ ಅಂದಂತೆಲ್ಲ ನಾನು ಮಾಡಿದೆ.
ಅಂಗೈ ಬೊಬ್ಬೆ ಬಂತು. ಒಂದೂವರೆ ತಾಸು
ಇಳಿದೆವು.

ನೆಲ ಮುಟ್ಟಿದ ಮೇಲೆ ರೋಹೇಕರ್ ಹೇಳಿದರು:
ಅದು ಕಚ್ಛೀ ಮಾತು. ಮಾಡೀ ಅಂದರೆ ಅವ್ವ.

ಸಾಹೇಬರು ಕಾರಿನ ತನಕ ಹೋದವರು ತಿರುಗಿ ಬಂದರು.
‘ನಾಮ್ ಕ್ಯಾ?’ ಅಂದರು. ‘ಸಾಬಣ್ಣ.’ ‘ಕ್ಯಾ?’
ಮೂರು ಸಲ ಹೇಳಿಸಿದರು. ಮೂರನೆಯದಕ್ಕೆ
ಣಕಾರ ಹತ್ತಿರ ಹತ್ತಿರ ಬಂತು.
ಮರುವಾರ ಅವರ ಹೆಸರು ಮೇಲೆ ಹೋಯಿತು, ಎರಡಾಳೆತ್ತರ,
ನನ್ನ ಪಂಜರದಲ್ಲೇ. ಹಾಜರಿಯಲ್ಲಿ ನಾನಿನ್ನೂ ಸಾಬೂನು.

ರಾತ್ರಿ ಖೋಲಿಯಲ್ಲಿ ನಿದ್ದೆ ಬಾರದೆ ಅಂದುಕೊಂಡೆ:
ಒಂದೇ ನುಡಿಯಿದ್ದ ಆ ಬಯಲಲ್ಲಿ ಯಾರೂ
ಯಾರನ್ನೂ ಎರಡನೇ ಸಲ ಕೇಳಿರಲಿಕ್ಕಿಲ್ಲ.
ನುಡಿ ಕಲೆತ ಮರುಗಳಿಗೆ, ಇಟ್ಟಿಗೆ ಇನ್ನೂ ಕೈಯಲ್ಲಿರುವಾಗ,
ಯಾವನೋ ಒಬ್ಬ ಪಕ್ಕದವನ ಮುಖವನ್ನು ಮೊದಲ ಸಲ ನೋಡಿ,
ಕಿವಿಗೆ ಕೈ ಹಚ್ಚಿ ಕೇಳಿರಬೇಕು:
ಆಂ? ಏನಂದಿ?